ತೋಟದ ಮನೆಯಿಂದ ಕಣಕ್ಕೆ 350 ಮೀಟರ್: ತಾಮ್ರದ ಕೇಬಲ್ ಎಳೆಯಬೇಕೋ, ಫೈಬರ್ ಎಳೆಯಬೇಕೋ?

ಕಾಫಿಕಣ_ಮೂಡಿಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟ. ಮನೆಗೆ ಫೈಬರ್ ಇಂಟರ್ನೆಟ್ ಬಂದಿದೆ. ಮನೆಯಿಂದ ಇಳಿಜಾರಿನಲ್ಲಿ ಸುಮಾರು 350 ಮೀಟರ್ ಕೆಳಗೆ ಕಣ, ಪಲ್ಪರ್ ಮನೆ ಮತ್ತು ಗೋಡೌನ್ ಇವೆ. ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ಹರಡಿದ ಕಾಫಿಯ ಮೇಲೆ ರಾತ್ರಿ ಕಣ್ಣಿಡಲು ನಾಲ್ಕು ಕ್ಯಾಮೆರಾಗಳನ್ನು ಹಾಕಿಸಬೇಕೆಂದಿದ್ದೇವೆ. ಗೋಡೌನಿನಲ್ಲಿ ಕೂರುವ ರೈಟರಿಗೂ ಲೆಕ್ಕ ಬರೆಯಲು ಇಂಟರ್ನೆಟ್ ಬೇಕು. ಅಂಗಡಿಯವರೊಬ್ಬರು 305 ಮೀಟರಿನ ನೆಟ್‌ವರ್ಕ್ ಕೇಬಲ್ ಪೆಟ್ಟಿಗೆ ತೋರಿಸಿ, ಅದಕ್ಕೆ ಇನ್ನೊಂದು ತುಂಡು ಸೇರಿಸಿದರೆ ಸಾಕು ಎಂದರು. ನಮ್ಮ ಸಂಬಂಧಿಕರೊಬ್ಬರು, ಬೆಳಕು ವಿದ್ಯುತ್ತಿಗಿಂತ ವೇಗವಾಗಿ ಓಡುವುದರಿಂದ ಫೈಬರೇ ಆಗಬೇಕು ಎನ್ನುತ್ತಾರೆ.

ಯಾರ ಮಾತನ್ನೂ ಸುಮ್ಮನೆ ಒಪ್ಪಿಕೊಳ್ಳುವ ಬದಲು ವಿಷಯವನ್ನು ತಿಳಿದುಕೊಂಡೇ ಕೆಲಸ ಮಾಡಿಸೋಣವೆಂದು ಇಲ್ಲಿ ಕೇಳುತ್ತಿದ್ದೇನೆ. ತಾಮ್ರದ ತಂತಿಯೊಳಗೆ ನಿಜವಾಗಿ ಸಾಗುವುದು ಏನು, ಗಾಜಿನ ಎಳೆಯೊಳಗೆ ಸಾಗುವುದು ಏನು, ಮತ್ತು ಎರಡರ ವೇಗದಲ್ಲಿ ಅಷ್ಟು ಅಂತರವಿದೆಯೇ? ಇನ್ನೊಂದು ಸಂದೇಹ: ಹಿಂದೆ ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ ಇದ್ದಾಗ ಮಳೆಗಾಲದಲ್ಲಿ ಅದು ನಿಧಾನವಾಗುತ್ತಿತ್ತೇ ಹೊರತು ಪೂರ್ತಿ ನಿಲ್ಲುತ್ತಿದ್ದುದು ಅಪರೂಪ. ಈಗ ಫೈಬರಿನಲ್ಲಿ ಅದು ಚೆನ್ನಾಗಿರುತ್ತದೆ, ಇಲ್ಲವೇ ಕೆಂಪು ದೀಪ ಹತ್ತಿ ಪೂರ್ತಿ ನಿಂತುಬಿಡುತ್ತದೆ. ಹೀಗೇಕೆ?

ಭೌತಪಾಠ_ಹಾಸನ

ನಮಸ್ಕಾರ. ನಾನು ಹಾಸನದಲ್ಲಿ ಪದವಿ ತರಗತಿಗಳಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ವೇಗದ ಪ್ರಶ್ನೆಯನ್ನು ಮೊದಲು ಬಿಡಿಸಿಕೊಂಡರೆ ಉಳಿದವು ಸುಲಭವಾಗುತ್ತವೆ. ಫೈಬರ್ ವೇಗವಾಗಿದೆ ಎನ್ನುವಾಗ ನಾವು ಎರಡು ಬೇರೆ ಸಂಗತಿಗಳನ್ನು ಬೆರೆಸಿ ಮಾತನಾಡುತ್ತೇವೆ. ಹೊರಟ ಸಂಕೇತ ಆಚೆ ತುದಿಯನ್ನು ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಒಂದು. ಒಂದು ಸೆಕೆಂಡಿನಲ್ಲಿ ಎಷ್ಟು ಬಿಟ್‌ಗಳನ್ನು ಕಳುಹಿಸಬಹುದು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ತಾಮ್ರಕ್ಕೂ ಗಾಜಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ಬೆಳಕು ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಫೈಬರಿನ ಗಾಜಿನ ವಕ್ರೀಭವನ ಸೂಚ್ಯಂಕ, ಅಂದರೆ ಅದು ಬೆಳಕನ್ನು ಎಷ್ಟು ಪಟ್ಟು ನಿಧಾನಿಸುತ್ತದೆ ಎಂಬ ಅಳತೆ, ಸುಮಾರು 1.47 ಇರುವುದರಿಂದ ಅದರೊಳಗೆ ಈ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಅಂದರೆ ಒಂದು ಕಿಲೋಮೀಟರ್ ದಾಟಲು 5 ಮೈಕ್ರೋಸೆಕೆಂಡ್ ಬೇಕು. ಸಾಮಾನ್ಯ ನೆಟ್‌ವರ್ಕ್ ಕೇಬಲಿನ ತಾಮ್ರದ ಜೋಡಿಯಲ್ಲಿಯೂ ಸಂಕೇತ ನಿರ್ವಾತದ ವೇಗದ ಮೂರನೇ ಎರಡರಷ್ಟು ವೇಗದಲ್ಲಿಯೇ ಹೋಗುತ್ತದೆ. ಒಳಗೆ ನೊರೆಯಂತಹ ಪ್ಲಾಸ್ಟಿಕ್ ತುಂಬಿದ ಟಿವಿ ಕೇಬಲಿನಲ್ಲಿ ಅದು ಗಾಜಿನಲ್ಲಿ ಸಾಗುವುದಕ್ಕಿಂತಲೂ ಬೇಗ ತಲುಪುತ್ತದೆ.

ತಂತಿಯಲ್ಲಿ ಎಲೆಕ್ಟ್ರಾನುಗಳೇ ಮನೆಯಿಂದ ಕಣದವರೆಗೆ ಓಡಿಹೋಗುತ್ತವೆ ಎಂದು ಭಾವಿಸಬಾರದು. ಸಣ್ಣ ವಿದ್ಯುತ್ ಪ್ರವಾಹದಲ್ಲಿ ಅವು ತಂತಿಯುದ್ದಕ್ಕೂ ಜರುಗುವ ಸರಾಸರಿ ವೇಗ ಸೆಕೆಂಡಿಗೆ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ನಿಮ್ಮ ತೋಟದಲ್ಲಿ ಹೂಮಳೆ ಬಾರದಿದ್ದಾಗ ಸ್ಪ್ರಿಂಕ್ಲರ್ ಓಡಿಸುವುದನ್ನು ನೆನಪಿಸಿಕೊಳ್ಳಿ: ಪೈಪು ಮೊದಲೇ ತುಂಬಿದ್ದರೆ, ಕೆರೆಯ ಬಳಿ ಎಂಜಿನ್ ಚಾಲೂ ಮಾಡಿದ ಕೂಡಲೇ ಗುಡ್ಡದ ಮೇಲಿನ ಜೆಟ್‌ನಲ್ಲಿ ನೀರು ಚಿಮ್ಮುತ್ತದೆ, ಆದರೆ ಆಗ ಚಿಮ್ಮಿದ್ದು ಆ ಕ್ಷಣ ಕೆರೆಯಿಂದ ಹೊರಟ ನೀರಲ್ಲ, ಅಲ್ಲಿಗೆ ಮುಟ್ಟಿದ್ದು ಒತ್ತಡ. ತಂತಿಯಲ್ಲಿ ಈ ಒತ್ತಡದ ಜಾಗದಲ್ಲಿರುವುದು ವಿದ್ಯುತ್ ಮತ್ತು ಕಾಂತಕ್ಷೇತ್ರಗಳ ಅಲೆ. ಅದು ಮುಖ್ಯವಾಗಿ ಎರಡು ತಂತಿಗಳ ನಡುವಿನ ಮತ್ತು ಸುತ್ತಲಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸಾಗುತ್ತದೆ, ತಾಮ್ರ ಅದಕ್ಕೆ ದಾರಿ ತೋರಿಸುತ್ತದೆ. ಆದ್ದರಿಂದಲೇ ಸಂಕೇತದ ವೇಗವನ್ನು ನಿರ್ಧರಿಸುವುದು ತಾಮ್ರದ ಗುಣಕ್ಕಿಂತ ಹೆಚ್ಚಾಗಿ ಆ ಹೊದಿಕೆಯ ಗುಣ.

ಹಾಗಾದರೆ ಫೈಬರಿನ ಹೆಚ್ಚುಗಾರಿಕೆ ಇರುವುದು ಎಲ್ಲಿ? ಅದು ಸಂಕೇತ ಎಷ್ಟು ಕಡಿಮೆ ಸೊರಗುತ್ತದೆ ಎಂಬುದರಲ್ಲಿದೆ. ತಾಮ್ರದಲ್ಲಿ ಆವರ್ತನ ಹೆಚ್ಚಿದಂತೆ ಪ್ರವಾಹ ತಂತಿಯ ಮೇಲ್ಮೈಗೆ ಸರಿಯುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ ಅದು ತಾಮ್ರದ ಹೊರಮೈಯ ಸುಮಾರು 7 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 7 ಭಾಗ) ದಪ್ಪದ ಪದರವನ್ನಷ್ಟೇ ಬಳಸುತ್ತದೆ, ಒಳಗಿನ ಲೋಹವೆಲ್ಲ ಇದ್ದೂ ಉಪಯೋಗಕ್ಕೆ ಬರುವುದಿಲ್ಲ. ದಾರಿ ಕಿರಿದಾದಂತೆ ರೋಧ ಹೆಚ್ಚುತ್ತದೆ, ಸಂಕೇತ ಶಾಖವಾಗಿ ಕರಗುತ್ತದೆ. ಕ್ಯಾಟ್ 5ಇ ಎಂಬ ಸಾಮಾನ್ಯ ನೆಟ್‌ವರ್ಕ್ ಕೇಬಲಿಗೆ ಇದೇ ಆವರ್ತನದಲ್ಲಿ 100 ಮೀಟರಿಗೆ ಸುಮಾರು 22 ಡೆಸಿಬೆಲ್ ನಷ್ಟವನ್ನು ಮಾನದಂಡವೇ ಒಪ್ಪಿಕೊಂಡಿದೆ. ಪ್ರತಿ 10 ಡೆಸಿಬೆಲಿಗೆ ಶಕ್ತಿ ಹತ್ತನೇ ಒಂದಕ್ಕೆ ಇಳಿಯುವುದರಿಂದ, 100 ಮೀಟರ್ ದಾಟುವಷ್ಟರಲ್ಲಿ ಉಳಿಯುವುದು ಸುಮಾರು 160ರಲ್ಲಿ ಒಂದು ಭಾಗ. ಇದೇ ಲೆಕ್ಕವನ್ನು ನಿಮ್ಮ 350 ಮೀಟರಿಗೆ ಹಿಗ್ಗಿಸಿದರೆ ನಷ್ಟ 77 ಡೆಸಿಬೆಲ್ ಆಗುತ್ತದೆ, ಅಂದರೆ ಕಣಕ್ಕೆ ತಲುಪುವುದು ಐದು ಕೋಟಿಯಲ್ಲಿ ಒಂದು ಭಾಗ. ಬೆಳಕು ಒಂದೇ ಅಲೆಯಾಗಿ ಸಾಗುವಷ್ಟು ತೆಳು ತಿರುಳಿರುವ ಸಿಂಗಲ್ ಮೋಡ್ ಫೈಬರಿನಲ್ಲಿ 1310 ನ್ಯಾನೋಮೀಟರ್ ತರಂಗದೂರದ ಬೆಳಕಿಗೆ ಕಿಲೋಮೀಟರಿಗೆ ಸುಮಾರು 0.35 ಡೆಸಿಬೆಲ್ ಮಾತ್ರ ನಷ್ಟವಾಗುತ್ತದೆ. ಅದೇ 350 ಮೀಟರ್ ದಾಟಿದ ಮೇಲೂ ನೂರರಲ್ಲಿ 97 ಭಾಗ ಬೆಳಕು ಉಳಿದಿರುತ್ತದೆ. ಇವೆರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತದೆ ಎಂದು ನನ್ನ ಅಭಿಪ್ರಾಯ.

ಗಾಜು ಇಷ್ಟು ಸ್ವಚ್ಛವಾದದ್ದು ಸುಲಭವಾಗಿ ಅಲ್ಲ. 1960ರ ದಶಕದಲ್ಲಿ ಸಿಗುತ್ತಿದ್ದ ಗಾಜಿನಲ್ಲಿ ಬೆಳಕು ಕೆಲವೇ ಮೀಟರುಗಳಲ್ಲಿ ಸೋತುಹೋಗುತ್ತಿತ್ತು. ದೋಷ ಗಾಜಿನದಲ್ಲ, ಅದರಲ್ಲಿ ಬೆರೆತ ಕಲ್ಮಶಗಳದ್ದು ಎಂದು 1966ರಲ್ಲಿ ಚಾರ್ಲ್ಸ್ ಕಾವೋ ಅವರು ಸಹೋದ್ಯೋಗಿ ಹಾಕ್‌ಹ್ಯಾಮ್ ಅವರ ಜೊತೆ ವಾದಿಸಿ, ನಷ್ಟ ಕಿಲೋಮೀಟರಿಗೆ 20 ಡೆಸಿಬೆಲಿಗಿಂತ ಕಡಿಮೆಯಾದರೆ ದೂರಸಂಪರ್ಕಕ್ಕೆ ಸಾಕು ಎಂದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆ ಆ ಗಡಿಯನ್ನು ದಾಟಿತು. ಕಾವೋ ಅವರಿಗೆ 2009ರಲ್ಲಿ ನೊಬೆಲ್ ಬಂತು. ಇದಕ್ಕೂ ಮೊದಲೇ, 1950ರ ದಶಕದಲ್ಲಿ, ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರವನ್ನು ಸಾಗಿಸಿ ತೋರಿಸಿದವರಲ್ಲಿ ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಪ್ರಮುಖರು. ನಮ್ಮ ವಿದ್ಯಾರ್ಥಿಗಳಿಗೆ ಅವರ ಹೆಸರು ಇನ್ನೂ ಹೆಚ್ಚು ಪರಿಚಯವಾಗಬೇಕೆಂಬುದು ನನ್ನ ಆಸೆ.

ಬೆಳಕು ಎಳೆಯೊಳಗೇ ಏಕೆ ಉಳಿಯುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಸಿಂಗಲ್ ಮೋಡ್ ಫೈಬರಿನ ಗಾಜು ಒಟ್ಟು 125 ಮೈಕ್ರಾನ್ ದಪ್ಪವಿದೆ, ಅದರ ನಡುವಿನ ಸುಮಾರು 9 ಮೈಕ್ರಾನ್ ತಿರುಳಿನಲ್ಲಿ ಬೆಳಕು ಸಾಗುತ್ತದೆ. ತಿರುಳಿಗೆ ಸ್ವಲ್ಪ ಜರ್ಮೇನಿಯಂ ಆಕ್ಸೈಡ್ ಬೆರೆಸಿ ಅದರ ವಕ್ರೀಭವನ ಸೂಚ್ಯಂಕವನ್ನು ಸುತ್ತಲಿನ ಗಾಜಿಗಿಂತ ಕೂದಲೆಳೆಯಷ್ಟು ಹೆಚ್ಚಿಸಿರುತ್ತಾರೆ. ಆದ್ದರಿಂದ ಓರೆಯಾಗಿ ಬಂದ ಬೆಳಕು ಗಡಿಯಲ್ಲಿ ಹೊರಬೀಳದೆ ಪೂರ್ಣ ಆಂತರಿಕ ಪ್ರತಿಫಲನದಿಂದ ಒಳಕ್ಕೆ ಮರಳುತ್ತದೆ. ಪಠ್ಯಪುಸ್ತಕಗಳಲ್ಲಿರುವ ಅಂಕುಡೊಂಕು ಕಿರಣದ ಚಿತ್ರ ದಪ್ಪ ತಿರುಳಿಗೆ ಸರಿಹೊಂದುತ್ತದೆ. ತಿರುಳು ತರಂಗದೂರದ ಕೆಲವೇ ಪಟ್ಟು ದಪ್ಪವಿದ್ದಾಗ ಬೆಳಕು ಒಂದೇ ಅಲೆಯಾಗಿ ಸಾಗುತ್ತದೆ, ಅದರ ಅಂಚು ಸುತ್ತಲಿನ ಗಾಜಿಗೂ ಚಾಚಿಕೊಂಡಿರುತ್ತದೆ. ಎಳೆಯನ್ನು ತೀರಾ ಬಿಗಿಯಾಗಿ ಬಗ್ಗಿಸಿದಾಗ ಸೋರಿಹೋಗುವುದು ಈ ಅಂಚೇ.

ಫೈಬರ್ಜಾಯಿಂಟ್_ಕೊಟ್ಟಿಗೆಹಾರ

ಮೇಷ್ಟ್ರು ತತ್ತ್ವವನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ. ನಾನು ಈ ಭಾಗದಲ್ಲಿ ಫೈಬರ್ ಜೋಡಿಸುವ ಕೆಲಸ ಮಾಡುವವನು, ಆದ್ದರಿಂದ ಕೆಂಪು ದೀಪದ ಪ್ರಶ್ನೆಗೆ ಉತ್ತರಿಸುತ್ತೇನೆ.

ನಿಮ್ಮ ಮನೆಗೆ ಬಂದಿರುವ ಎಳೆ ಎಕ್ಸ್‌ಚೇಂಜಿನಿಂದ ನಿಮಗೊಬ್ಬರಿಗಾಗಿಯೇ ಬಂದದ್ದಲ್ಲ. ಅಲ್ಲಿನ ಓಎಲ್‌ಟಿ ಎಂಬ ಯಂತ್ರದಿಂದ ಹೊರಟ ಒಂದು ಎಳೆಯ ಬೆಳಕನ್ನು ದಾರಿಯಲ್ಲಿ ಸ್ಪ್ಲಿಟರ್‌ಗಳು 32 ಅಥವಾ 64 ಮನೆಗಳಿಗೆ ಹಂಚುತ್ತವೆ. ಸ್ಪ್ಲಿಟರಿಗೆ ಕರೆಂಟು ಬೇಕಿಲ್ಲ, ಅದು ಬರೀ ಗಾಜು. 32 ಭಾಗ ಮಾಡುವುದರಲ್ಲಿಯೇ ಸುಮಾರು 17 ಡೆಸಿಬೆಲ್ ಖರ್ಚಾಗುತ್ತದೆ. ಮನೆಯಲ್ಲಿ ಫೈಬರ್ ಬಂದು ಸೇರುವ ನಿಮ್ಮ ಓಎನ್‌ಟಿ ಪೆಟ್ಟಿಗೆಯ ಬಳಿ ಪವರ್ ಮೀಟರ್ ಇಟ್ಟರೆ ಆರೋಗ್ಯವಾಗಿರುವ ಲೈನಿನಲ್ಲಿ ಸಾಮಾನ್ಯವಾಗಿ ಮೈನಸ್ 18ರಿಂದ ಮೈನಸ್ 23 ಡಿಬಿಎಂ (ಒಂದು ಮಿಲಿವಾಟಿಗೆ ಹೋಲಿಸಿ ಡೆಸಿಬೆಲಿನಲ್ಲಿ ಹೇಳುವ ಬೆಳಕಿನ ಬಲ) ತೋರಿಸುತ್ತದೆ. ಅದು ಮೈನಸ್ 27ರ ಆಚೆಗೆ ಹೋದರೆ, ಅಂದರೆ ಒಂದು ವಾಟಿನ ಹತ್ತು ಲಕ್ಷದಲ್ಲಿ ಎರಡು ಭಾಗಕ್ಕಿಂತ ಕಡಿಮೆಯಾದರೆ, ಪೆಟ್ಟಿಗೆಗೆ ಬಿಟ್‌ಗಳನ್ನು ಗುರುತಿಸುವುದು ಕಷ್ಟವಾಗುತ್ತದೆ. ಆ ಗಡಿಯವರೆಗೆ ಬರುವ ಸಣ್ಣಪುಟ್ಟ ತಪ್ಪುಗಳನ್ನು ತಿದ್ದಿಕೊಳ್ಳುವ ವ್ಯವಸ್ಥೆ ಇದೆ, ಆದ್ದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಗಡಿ ದಾಟಿದರೆ ಸಂಪರ್ಕವೇ ಕಡಿದು ದೀಪ ಕೆಂಪಾಗುತ್ತದೆ. ಮಳೆಗಾಲದಲ್ಲಿ ಸಿಲ್ವರ್ ಓಕ್ ಕೊಂಬೆ ಕೇಬಲಿನ ಮೇಲೆ ಒರಗಿ ಅದು ಬಗ್ಗಿದರೆ ಅಥವಾ ಕನೆಕ್ಟರಿನ ಮುಖಕ್ಕೆ ಕೊಳೆ ಸೇರಿದರೆ ಮೂರು ನಾಲ್ಕು ಡೆಸಿಬೆಲ್ ಹೋಗಿಬಿಡುತ್ತದೆ. ಮೊದಲೇ ಮೈನಸ್ 25ರಲ್ಲಿದ್ದ ಮನೆಗೆ ಅಷ್ಟೇ ಸಾಕು, ಪಕ್ಕದ ಮೈನಸ್ 19ರ ಮನೆಗೆ ಏನೂ ಆಗುವುದಿಲ್ಲ. ಆದ್ದರಿಂದ ಲೈನ್ ಚೆನ್ನಾಗಿರುವ ದಿನವೇ ಮೀಟರ್ ಹಿಡಿಸಿ ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಂದೆ ತೊಂದರೆಯಾದಾಗ ಎಷ್ಟು ಇಳಿದಿದೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ.

ಸಂಜೆ ಹೊತ್ತು ನಿಧಾನವಾಗುವುದು ಮಾತ್ರ ಬೇರೆ ವಿಷಯ. ಮನೆಗಳ ಕಡೆಗೆ ಸೆಕೆಂಡಿಗೆ ಬರುವ 2.5 ಗಿಗಾಬಿಟ್ ಆ ಎಲ್ಲ ಮನೆಗಳ ಪಾಲು, ಅದರ ಹಿಂದಿನ ಲೈನನ್ನು ಇನ್ನೂ ಹೆಚ್ಚು ಜನರು ಹಂಚಿಕೊಂಡಿರುತ್ತಾರೆ. ಅದಕ್ಕೂ ಬೆಳಕಿನ ಬಲಕ್ಕೂ ಸಂಬಂಧವಿಲ್ಲ.

ಒಂದೇ ಎಳೆಯಲ್ಲಿ ಎರಡೂ ಕಡೆಯ ಮಾತು ಹೇಗೆ ಸಾಗುತ್ತದೆ ಎಂದು ಹಲವರು ಕೇಳುತ್ತಾರೆ. ಮನೆಯ ಕಡೆಗೆ ಬರುವ ಬೆಳಕು 1490 ನ್ಯಾನೋಮೀಟರಿನದು, ಮನೆಯಿಂದ ಹೋಗುವುದು 1310ರದು, ಆದ್ದರಿಂದ ಅವು ಒಂದಕ್ಕೊಂದು ಅಡ್ಡಿಯಾಗುವುದಿಲ್ಲ. ಆದರೆ 32 ಮನೆಗಳು 1310ರಲ್ಲಿಯೇ ಒಟ್ಟಿಗೆ ಕಳುಹಿಸಿದರೆ ಸ್ಪ್ಲಿಟರಿನಾಚೆ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಅದಕ್ಕಾಗಿ ಓಎಲ್‌ಟಿ ಪ್ರತಿ ಪೆಟ್ಟಿಗೆಗೂ ಸಂಕೇತ ಕಳುಹಿಸಿ, ಉತ್ತರ ಬರಲು ಹಿಡಿದ ಕಾಲದಿಂದ ಆ ಮನೆಯ ದೂರವನ್ನು ಅಳೆದುಕೊಳ್ಳುತ್ತದೆ. ಹತ್ತಿರದ ಮನೆಗಳನ್ನು ಕೆಲವು ಮೈಕ್ರೋಸೆಕೆಂಡ್ ಕಾಯಿಸಿ, ದೂರದವರನ್ನು ಬೇಗ ಹೊರಡಿಸಿ, ಒಬ್ಬೊಬ್ಬರ ಸರದಿಯೂ ಸರಿಯಾದ ಹೊತ್ತಿಗೆ ಬಂದು ಸೇರುವಂತೆ ನೋಡಿಕೊಳ್ಳುತ್ತದೆ. ಮೇಷ್ಟ್ರು ಹೇಳಿದ ಕಿಲೋಮೀಟರಿಗೆ 5 ಮೈಕ್ರೋಸೆಕೆಂಡಿನ ಲೆಕ್ಕ ಇಲ್ಲಿ ಪ್ರತಿ ಕ್ಷಣವೂ ಬಳಕೆಯಲ್ಲಿದೆ. ನಾವು ಕೇಬಲ್ ತುಂಡಾದ ಜಾಗವನ್ನು ಓಟಿಡಿಆರ್ ಯಂತ್ರದಿಂದ ಹುಡುಕುವುದೂ ಇದೇ ಲೆಕ್ಕದಿಂದ: ಕಳುಹಿಸಿದ ಬೆಳಕಿನ ಮಿಡಿತ 30 ಮೈಕ್ರೋಸೆಕೆಂಡಿಗೆ ಪ್ರತಿಫಲಿಸಿ ಬಂದರೆ ತುಂಡಾಗಿರುವುದು ಕೇಬಲಿನ ಉದ್ದದಲ್ಲಿ ಸುಮಾರು 3 ಕಿಲೋಮೀಟರ್ ಆಚೆ.

ಹಳೇಲೈನ್_ಚಿಕ್ಕಮಗಳೂರು

ನಾನು ದೂರವಾಣಿ ಲೈನುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ತಾಮ್ರದ ಪರವಾಗಿಯೂ ಎರಡು ಮಾತು ಹೇಳಬೇಕು. ಟೆಲಿಫೋನ್ ಜೋಡಿಯಲ್ಲಿ ನಡೆಯುತ್ತಿದ್ದ ಎಡಿಎಸ್ಎಲ್ ಇಂಟರ್ನೆಟ್ ತಂತಿಯ ಆವರ್ತನಗಳನ್ನು ನೂರಾರು ಸಣ್ಣ ಪಟ್ಟಿಗಳಾಗಿ ವಿಂಗಡಿಸಿ, ಪ್ರತಿ ಪಟ್ಟಿಯಲ್ಲಿ ಗದ್ದಲ ಎಷ್ಟಿದೆ ಎಂದು ಅಳೆದು, ಚೆನ್ನಾಗಿರುವ ಪಟ್ಟಿಗೆ ಹೆಚ್ಚು ಬಿಟ್‌ಗಳನ್ನೂ ಕೆಟ್ಟ ಪಟ್ಟಿಗೆ ಕಡಿಮೆ ಬಿಟ್‌ಗಳನ್ನೂ ಹಾಕುತ್ತಿತ್ತು. ಜಾಯಿಂಟಿಗೆ ನೀರಿಳಿದು ಫೋನಿನಲ್ಲಿ ಕರಕರ ಸದ್ದು ಬಂದಾಗ ಮೋಡೆಮ್ ಕೆಟ್ಟ ಪಟ್ಟಿಗಳನ್ನು ಬಿಟ್ಟು ಉಳಿದವುಗಳಲ್ಲಿ ಸಂಪರ್ಕವನ್ನು ಮತ್ತೆ ಕಟ್ಟಿಕೊಳ್ಳುತ್ತಿತ್ತು. ನೀವು ಕಂಡ ನಿಧಾನಕ್ಕೆ ಕಾರಣ ಇದು. ಮನೆಯ ಫೈಬರಿನಲ್ಲಿ ಹಾಗೆ ಇಳಿದು ಹೊಂದಿಕೊಳ್ಳುವ ಏರ್ಪಾಡಿಲ್ಲ, ಒಂದೇ ನಿಗದಿತ ವೇಗದಲ್ಲಿ ಬೆಳಕು ಮಿನುಗುತ್ತಿರುತ್ತದೆ.

ತಂತಿಗಳನ್ನು ಜೋಡಿಯಾಗಿ ಹೊಸೆಯುವುದೂ ಅರ್ಥಪೂರ್ಣವಾದ ಕ್ರಮ. ಒಂದು ತಂತಿಯಲ್ಲಿ ಸಂಕೇತ, ಇನ್ನೊಂದರಲ್ಲಿ ಅದರ ವಿರುದ್ಧ ಸಂಕೇತ ಹೋಗುತ್ತದೆ. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ, ಆಚೆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಅಳಿದು ಸಂಕೇತ ಉಳಿಯುತ್ತದೆ. ಹೊಸೆದ ಜೋಡಿಗೆ ಗ್ರಹಾಂ ಬೆಲ್ 1881ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಇಂದಿನ ನೆಟ್‌ವರ್ಕ್ ಕೇಬಲಿನ ನಾಲ್ಕು ಜೋಡಿಗಳೂ ಅದೇ ತತ್ತ್ವದ ಮೇಲೆ ನಿಂತಿವೆ.

ಇಷ್ಟೆಲ್ಲ ಹೇಳಿಯೂ, ನಿಮ್ಮ ಕಣಕ್ಕೆ ನಾನು ತಾಮ್ರವನ್ನು ಸೂಚಿಸುವುದಿಲ್ಲ, ಮತ್ತು ಅದಕ್ಕೆ ಮುಖ್ಯ ಕಾರಣ ಸಿಡಿಲು. ಏಪ್ರಿಲ್, ಮೇ ತಿಂಗಳಿನ ಗುಡುಗು ಮಳೆಯಲ್ಲಿ ಸಿಡಿಲು ನೇರವಾಗಿ ಬಡಿಯಬೇಕೆಂದಿಲ್ಲ, ಹತ್ತಿರದ ಮರಕ್ಕೆ ಬಿದ್ದರೂ ಉದ್ದದ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿಕೊಳ್ಳಬಹುದು. ಅಲ್ಲದೆ ಮನೆಯ ಅರ್ಥಿಂಗ್ ಮತ್ತು ಗೋಡೌನಿನ ಅರ್ಥಿಂಗ್ ಆ ಕ್ಷಣದಲ್ಲಿ ಒಂದೇ ಮಟ್ಟದಲ್ಲಿರುವುದಿಲ್ಲ. ಎರಡು ಕಟ್ಟಡಗಳನ್ನು ತಾಮ್ರದಿಂದ ಕಟ್ಟಿದರೆ ಆ ವ್ಯತ್ಯಾಸವೆಲ್ಲ ನಿಮ್ಮ ರೂಟರ್ ಮತ್ತು ಕ್ಯಾಮೆರಾಗಳ ಮೂಲಕವೇ ಹರಿಯುತ್ತದೆ.

ಕಾಫಿಕಣ_ಮೂಡಿಗೆರೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಫೈಬರನ್ನೇ ಎಳೆಸುವುದೆಂದು ನಿರ್ಧರಿಸಿದೆವು. ಇನ್ನೆರಡು ಪ್ರಶ್ನೆಗಳಿವೆ. ಕ್ಯಾಮೆರಾಗಳಿಗೆ ನೆಟ್‌ವರ್ಕ್ ಕೇಬಲಿನಲ್ಲಿಯೇ ಕರೆಂಟು ಹೋಗುತ್ತದೆ ಎಂದಿದ್ದರು, ಫೈಬರಿನಲ್ಲಿ ಅದು ಸಾಧ್ಯವೇ? ಇನ್ನೊಂದು, ಮೇಷ್ಟ್ರಿಗೆ: ಹಾಸನದಲ್ಲಿ ಉಪಗ್ರಹ ಕೇಂದ್ರವೇ ಇದೆಯಲ್ಲ, ಉಪಗ್ರಹದ ಸಂಕೇತ ಗಾಳಿಯಲ್ಲಿ ಪೂರ್ಣ ವೇಗದಿಂದ ಬರುವುದಾದರೆ ಅದು ಫೈಬರಿಗಿಂತ ಬೇಗ ತಲುಪಬೇಕಲ್ಲವೇ?

ಭೌತಪಾಠ_ಹಾಸನ

ಒಳ್ಳೆಯ ಪ್ರಶ್ನೆ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಆ ಉಪಗ್ರಹಗಳು ಸಮಭಾಜಕದ ಮೇಲೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿವೆ. ಸಂಕೇತ ಮೇಲೆ ಹೋಗಿ ಕೆಳಗಿಳಿಯಲು 72 ಸಾವಿರ ಕಿಲೋಮೀಟರ್ ಸಾಗಬೇಕು, ಪೂರ್ಣ ವೇಗದಲ್ಲಿಯೂ ಅದಕ್ಕೆ ಸುಮಾರು 0.24 ಸೆಕೆಂಡ್ ಬೇಕು. ಅಷ್ಟು ಹೊತ್ತಿನಲ್ಲಿ ಫೈಬರಿನಲ್ಲಿ ಬೆಳಕು 48 ಸಾವಿರ ಕಿಲೋಮೀಟರ್ ಸಾಗುತ್ತದೆ. ಭೂಮಿಯ ಸುತ್ತಳತೆಯೇ 40 ಸಾವಿರ ಕಿಲೋಮೀಟರ್. ಹಾಸನದಿಂದ ಬೆಂಗಳೂರಿಗೆ ಕೇಬಲಿನ ದಾರಿ 200 ಕಿಲೋಮೀಟರ್ ಎಂದಿಟ್ಟುಕೊಂಡರೆ ಗಾಜಿನೊಳಗಿನ ಪಯಣಕ್ಕೆ ಒಂದು ಮಿಲಿಸೆಕೆಂಡ್ ಸಾಕು. ನೀವು ಅಳೆದಾಗ ಕಾಣುವ ಹೆಚ್ಚಿನ ಮಿಲಿಸೆಕೆಂಡುಗಳು ಹೋಗಿಬರುವ ದಾರಿಯ ಸುತ್ತುಬಳಸಿಗೂ ನಡುವಿನ ಯಂತ್ರಗಳಿಗೂ ಸೇರಿದವು.

ಇದಕ್ಕೆ ಹೊಂದಿಕೊಂಡ ಇನ್ನೊಂದು ವಿಷಯ. ದೂರದ ಲೈನುಗಳಲ್ಲಿ 1550 ನ್ಯಾನೋಮೀಟರಿನ ಬೆಳಕನ್ನು ಬಳಸುತ್ತಾರೆ, ಏಕೆಂದರೆ ಅಲ್ಲಿ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲಿಗೆ ಇಳಿಯುತ್ತದೆ. ಆದರೂ ನೂರಾರು ಕಿಲೋಮೀಟರ್ ದಾಟಬೇಕಾದರೆ ನಡುವೆ ಬಲ ತುಂಬಬೇಕು. ಎರ್ಬಿಯಂ ಬೆರೆಸಿದ ಫೈಬರ್ ವರ್ಧಕಗಳು ಬೆಳಕನ್ನು ವಿದ್ಯುತ್ತಾಗಿ ಬದಲಿಸದೆ ಬೆಳಕಾಗಿಯೇ ಬಲಪಡಿಸುತ್ತವೆ. ಇನ್ನೊಂದು ಬಗೆಯ ವರ್ಧಕ ಕೆಲಸ ಮಾಡುವುದು ಸರ್ ಸಿ.ವಿ. ರಾಮನ್ ಅವರು 1928ರ ಫೆಬ್ರವರಿ 28ರಂದು ಕಂಡ ಪರಿಣಾಮದ ಆಧಾರದ ಮೇಲೆ: ಎಳೆಗೆ ಹಾಯಿಸಿದ ಪ್ರಬಲ ಲೇಸರಿನ ಶಕ್ತಿ ಗಾಜಿನ ಅಣುಗಳ ಕಂಪನದ ಮೂಲಕ ಸಂಕೇತದ ಬೆಳಕಿಗೆ ವರ್ಗಾವಣೆಯಾಗುತ್ತದೆ. ಇದನ್ನು ತರಗತಿಯಲ್ಲಿ ಹೇಳುವಾಗ ನನಗೆ ಇಂದಿಗೂ ಸಂತೋಷವಾಗುತ್ತದೆ.

ಫೈಬರ್ಜಾಯಿಂಟ್_ಕೊಟ್ಟಿಗೆಹಾರ

ಕ್ಯಾಮೆರಾದ ಕರೆಂಟಿನ ಬಗ್ಗೆ: ಗಾಜಿನಲ್ಲಿ ಕರೆಂಟು ಹೋಗುವುದಿಲ್ಲ. ಆದ್ದರಿಂದ ಮನೆಯಿಂದ ಗೋಡೌನಿಗೆ ಫೈಬರ್ ಎಳೆಸಿ, ಗೋಡೌನಿನಲ್ಲಿ ನೆಟ್‌ವರ್ಕ್ ಕೇಬಲಿನಲ್ಲಿಯೇ ಕರೆಂಟನ್ನೂ ಕಳುಹಿಸುವ ಪಿಓಇ ಸ್ವಿಚ್ ಇಟ್ಟು, ಅಲ್ಲಿಂದ ಪ್ರತಿ ಕ್ಯಾಮೆರಾಗೂ 100 ಮೀಟರಿನ ಒಳಗೆ ತಾಮ್ರದ ಕೇಬಲ್ ಹಾಕಿಸಿ. ಕರೆಂಟು ಹೋದಾಗಲೂ ನಡೆಯಲು ಆ ಸ್ವಿಚ್ಚಿಗೆ ಒಂದು ಯುಪಿಎಸ್ ಬೇಕಾಗುತ್ತದೆ.

ಎರಡೂ ತುದಿಗೆ ಸಿಂಗಲ್ ಮೋಡ್ ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ತಾಮ್ರದ ಸಂಕೇತವನ್ನು ಬೆಳಕಿಗೂ ಬೆಳಕನ್ನು ಮರಳಿ ತಾಮ್ರದ ಸಂಕೇತಕ್ಕೂ ಬದಲಿಸುವ ಪೆಟ್ಟಿಗೆ) ಜೋಡಿ ತೆಗೆದುಕೊಳ್ಳಿ. ಒಂದೇ ಎಳೆಯಲ್ಲಿ ನಡೆಯುವ ಬಗೆಯದಾದರೆ ಒಂದು ಕಡೆಗೆ 1310 ಕಳುಹಿಸುವುದನ್ನೂ ಇನ್ನೊಂದು ಕಡೆಗೆ 1550 ಕಳುಹಿಸುವುದನ್ನೂ ಹಾಕಬೇಕು, ಒಂದೇ ಬಗೆಯ ಎರಡನ್ನು ಕೊಂಡರೆ ಕೆಲಸ ಮಾಡುವುದಿಲ್ಲ. 10 ಅಥವಾ 20 ಕಿಲೋಮೀಟರ್ ದೂರಕ್ಕೆಂದು ಮಾಡಿದವು ಸಾಕು. ಹೆಚ್ಚು ಬಲ ಒಳ್ಳೆಯದೆಂದು 80 ಕಿಲೋಮೀಟರಿನವನ್ನು ತಂದರೆ, ಇಷ್ಟು ಹತ್ತಿರದಲ್ಲಿ ಬೆಳಕು ಅತಿಯಾಗಿ ರಿಸೀವರ್ ಕೆಡಬಹುದು.

ಜೋಡಣೆಯನ್ನು ಫ್ಯೂಷನ್ ಯಂತ್ರ ಇರುವವರಿಂದಲೇ ಮಾಡಿಸಿ. ಬಣ್ಣದ ಲೇಪನವನ್ನು ಸ್ಟ್ರಿಪ್ಪರಿನಿಂದ ಸುಲಿದು, ಬರೀ ಗಾಜನ್ನು ಆಲ್ಕೋಹಾಲಿನಿಂದ ಒರೆಸಿ, ಕ್ಲೀವರಿನಲ್ಲಿ ನೇರವಾಗಿ ಮುರಿದು, ಯಂತ್ರದ ಪರದೆಯಲ್ಲಿ ಎರಡೂ ತುದಿ ಎದುರುಬದುರಾಗಿ ಕಂಡ ಮೇಲೆ ವಿದ್ಯುತ್ ಕಿಡಿಯಿಂದ ಅವನ್ನು ಬೆಸೆಯುತ್ತಾರೆ. ಸರಿಯಾದ ಬೆಸುಗೆಯಲ್ಲಿ ನಷ್ಟ 0.1 ಡೆಸಿಬೆಲಿಗಿಂತ ಕಡಿಮೆ. ಮುರಿದ ಗಾಜಿನ ಚೂರುಗಳನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿಸಿ, ಅವು ಚರ್ಮಕ್ಕೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ. ಎಳೆಯ ತುದಿಯನ್ನು ಯಾರೂ ಕಣ್ಣಿಗೆ ಹಿಡಿದು ನೋಡಬಾರದು, ಏಕೆಂದರೆ ಒಳಗಿನ ಬೆಳಕು ಅವಗೆಂಪು, ಅದು ಇದ್ದರೂ ಇಲ್ಲದಂತೆಯೇ ತೋರುತ್ತದೆ.

ಕೇಬಲ್ ಕೊಳ್ಳುವಾಗ ಒಂದು ಎಚ್ಚರಿಕೆ ಮುಖ್ಯ. ನಮ್ಮ ಕಡೆ ಕಂಬದಿಂದ ಕಂಬಕ್ಕೆ ಎಳೆಯುವ ಡ್ರಾಪ್ ಕೇಬಲಿನ ಪಕ್ಕದಲ್ಲಿ ಸಾಮಾನ್ಯವಾಗಿ ಒಂದು ಸ್ಟೀಲ್ ತಂತಿ ಇರುತ್ತದೆ. ಅದನ್ನು ಹಾಗೆಯೇ ಎರಡೂ ಕಟ್ಟಡದೊಳಗೆ ತಂದರೆ ಹಳೇಲೈನ್ ಅವರು ಹೇಳಿದ ಸಿಡಿಲಿನ ಅಪಾಯ ಮತ್ತೆ ಬಾಗಿಲಿಗೆ ಬಂದಂತೆ. ಲೋಹವೇ ಇಲ್ಲದ, ಎಫ್ಆರ್‌ಪಿ (ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್) ಕಡ್ಡಿ ಇರುವ ಕೇಬಲನ್ನು ಕೇಳಿ ಪಡೆಯಿರಿ. ಸ್ಟೀಲಿನದೇ ಸಿಕ್ಕರೆ ತಂತಿಯನ್ನು ಗೋಡೆಯ ಹೊರಗಿನ ಕೊಕ್ಕೆಯಲ್ಲಿಯೇ ನಿಲ್ಲಿಸಿ, ಎಳೆಯನ್ನಷ್ಟೇ ಒಳಗೆ ತನ್ನಿ. ನೆಲದಲ್ಲಿ ಹೂಳುವುದಾದರೆ ಎಚ್‌ಡಿಪಿಇ ಪೈಪಿನೊಳಗೆ ಹಾಕಿಸಿ, ಇಲ್ಲದಿದ್ದರೆ ಇಲಿ ಹೆಗ್ಗಣಗಳು ಕಡಿಯುತ್ತವೆ, ಗುಂಡಿ ತೆಗೆಯುವಾಗ ಗುದ್ದಲಿಯೂ ತಾಗುತ್ತದೆ. ಒಂದು ಎಳೆ ಸಾಕಾದರೂ ನಾಲ್ಕು ಎಳೆಯದನ್ನೇ ಎಳೆಸಿ, ಕೂಲಿ ಎರಡಕ್ಕೂ ಒಂದೇ. ಎರಡೂ ತುದಿಯಲ್ಲಿ ಹತ್ತು ಮೀಟರಿನಷ್ಟು ಹೆಚ್ಚುವರಿ ಕೇಬಲನ್ನು ಊಟದ ತಟ್ಟೆಯಷ್ಟು ಅಗಲದ ಸುರುಳಿಯಾಗಿ ಕಟ್ಟಿಡಿಸಿ, ಮುಂದೆ ಎಲ್ಲಾದರೂ ತುಂಡಾದರೆ ಎಳೆದು ಜೋಡಿಸಲು ಅದು ಬೇಕಾಗುತ್ತದೆ.